ಮೊದಲು ಕಲ್ಲು, ಆಮೇಲೆ ಕೊಡತಿ: ಚರ್ಮದ ಮೇಲೆ ಚಿತ್ತಾರ ಕೆತ್ತಲು ಕಲಿಯುವವರಿಗೆ

ಚರ್ಮದ ಮೇಲೆ ಹೂಬಳ್ಳಿ, ಗೋಪುರ, ಹೆಸರು ಮೂಡಿಸುವ ಕೆಲಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಮೊದಲು ದುಡ್ಡು ಸುರಿಯುವುದು ಅಚ್ಚುಗಳ ಮೇಲೆ, ಅಂದರೆ ಚರ್ಮದ ಮೇಲಿಟ್ಟು ಹೊಡೆದು ಗುರುತು ಮೂಡಿಸುವ ಕಡ್ಡಿಗಳ ಮೇಲೆ. ಇಪ್ಪತ್ತು ಮೂವತ್ತು ಅಚ್ಚುಗಳ ಪೆಟ್ಟಿಗೆ ತರಿಸಿ, ಊಟದ ಮೇಜಿನ ಮೇಲೆ ಚರ್ಮ ಹಾಸಿ ಹೊಡೆಯುತ್ತಾರೆ. ಗುರುತು ಅರೆಬರೆ ಮೂಡುತ್ತದೆ. ಅಚ್ಚು ಸರಿಯಿಲ್ಲ ಎಂದುಕೊಂಡು ಇನ್ನೊಂದು ಪೆಟ್ಟಿಗೆ ತರಿಸುತ್ತಾರೆ. ತೊಂದರೆ ಇರುವುದು ಅಚ್ಚಿನಲ್ಲಲ್ಲ, ಮೇಜಿನಲ್ಲಿ. ಏಟು ಬಿದ್ದಾಗ ತೆಳು ಹಲಗೆ ಕೆಳಗೆ ಬಾಗಿ ಮತ್ತೆ ಮೇಲಕ್ಕೆ ಪುಟಿಯುತ್ತದೆ. ಏಟಿನ ಬಲ ಚರ್ಮಕ್ಕೆ ಇಳಿಯುವ ಬದಲು ಹಲಗೆಯನ್ನು ಅಲುಗಿಸುವುದರಲ್ಲೇ ಕರಗುತ್ತದೆ. ಪುಟಿದ ಚರ್ಮ ಅಚ್ಚಿಗೆ ಎರಡನೇ ಸಲ ತಾಗಿ ಗುರುತು ಜೋಡಿಯಾಗುತ್ತದೆ. ಅದೇ ಅಚ್ಚು, ಅದೇ ಕೈ, ಆದರೆ ಕೆಳಗೆ ಭಾರದ ಸಮತಟ್ಟು ಕಲ್ಲು ಇದ್ದರೆ ಹಗುರ ಏಟಿಗೂ ಗುರುತು ಆಳಕ್ಕಿಳಿಯುತ್ತದೆ. ಆದ್ದರಿಂದ ಕಲ್ಲಿನಿಂದಲೇ ಶುರು ಮಾಡೋಣ.

ಯಾವ ಕಲ್ಲು, ಎಲ್ಲಿ ಸಿಗುತ್ತದೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲ ಕಡೆ ಗ್ರಾನೈಟ್ ಅಂಗಡಿಗಳಿವೆ. ಅಲ್ಲಿ ಹೋಗಿ ಹೊಸ ಹಲಗೆ ಕೇಳಬೇಡಿ. ಅಡುಗೆ ಕಟ್ಟೆಗೆ ಸಿಂಕ್ ಕೂರಿಸುವಾಗ ನಡುವೆ ಕೊರೆದು ತೆಗೆದ ಚೌಕ ತುಂಡು ಇದೆಯೇ ಎಂದು ಕೇಳಿ. ಆ ತುಂಡು ಅಂಗಡಿಯವರಿಗೆ ಮತ್ತೊಂದು ಕೆಲಸಕ್ಕೆ ಬರುವುದು ಕಡಿಮೆ, ಅಗ್ಗದಲ್ಲಿ ಕೊಡುತ್ತಾರೆ. ದಪ್ಪ ಸಾಮಾನ್ಯವಾಗಿ 18ರಿಂದ 20 ಮಿ.ಮೀ. ಇರುತ್ತದೆ. ಅದರಲ್ಲಿ 30×40 ಸೆಂ.ಮೀ. ಅಳತೆಯ ಎರಡು ತುಂಡು ಕೊಯ್ಯಿಸಿಕೊಳ್ಳಿ. ಅಂಚುಗಳನ್ನೂ ಅಲ್ಲಿಯೇ ಉಜ್ಜಿಸಿ ಬಿಡಿ. ಕಲ್ಲಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯಲ್ಲಿ ಒಣಗಿದ ಕಲ್ಲನ್ನು ಕೊಯ್ಯುವ, ಉಜ್ಜುವ ಕೆಲಸ ಬೇಡ.

ಎರಡು ತುಂಡು ಏಕೆ? 30×40 ಸೆಂ.ಮೀ., 2 ಸೆಂ.ಮೀ. ದಪ್ಪದ ಗ್ರಾನೈಟ್ ಸುಮಾರು ಆರೂವರೆ ಕೆ.ಜಿ. ತೂಗುತ್ತದೆ. ಎರಡನ್ನು ಅಂಟಿಸಿದರೆ 13 ಕೆ.ಜಿ. ಕಲ್ಲಿನ ಭಾರ ಹೆಚ್ಚಿದಷ್ಟೂ ಏಟಿಗೆ ಅದು ಅಲುಗುವುದು ಕಡಿಮೆಯಾಗುತ್ತದೆ, ಬಲವೆಲ್ಲ ಚರ್ಮದಲ್ಲೇ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ: ಕಲ್ಲು ಸಾಕಷ್ಟು ಭಾರವಿದ್ದರೆ ಅದರ ಕೆಳಗೆ ಸದ್ದು ಹೀರುವ ರಬ್ಬರ್ ಹಾಸಿದರೂ ಗುರುತಿನ ಆಳ ಕುಗ್ಗುವುದಿಲ್ಲ. ಹಗುರ ಕಲ್ಲಿನ ಕೆಳಗೆ ಮೆತ್ತನೆಯದು ಹಾಸಿದರೆ ಮತ್ತೆ ಹಳೆಯ ಮೇಜಿನ ಕತೆಯೇ.

ಕೊಳ್ಳುವ ಮುನ್ನ ಎರಡು ಪರೀಕ್ಷೆ ಮಾಡಿ. ಒಂದು, ಕಲ್ಲಿನ ಮೇಲೆ ನೀರು ಸುರಿದು ಬಟ್ಟೆಯಿಂದ ಒರೆಸಿ. ಮೈ ಒಣಗುತ್ತಾ ಬಂದಾಗಲೂ ಕಪ್ಪು ಗೆರೆಯೊಂದು ಹಸಿಯಾಗಿ ಉಳಿದರೆ ಅದು ಬಿರುಕು. ಹಾಗಿದ್ದರೆ ಬೇರೆ ತುಂಡು ನೋಡಿ. ಎರಡು, ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಹಿಂದಿನಿಂದ ಮೊಬೈಲ್ ದೀಪ ಬಿಡಿ. ಸ್ಕೇಲಿನ ಅಡಿಯಿಂದ ಬೆಳಕು ಇಣುಕಿದ ಕಡೆ ತಗ್ಗಿದೆ ಎಂದರ್ಥ. ಕೂದಲೆಳೆಯಷ್ಟಾದರೆ ಪರವಾಗಿಲ್ಲ, ಕಾಗದ ತೂರುವಷ್ಟಾದರೆ ಬೇಡ.

ಕಡಪಾ ಕಲ್ಲು, ಶಹಾಬಾದ್ ಫರಸಿ ಹಳೆಯ ಮನೆ ಕೆಡವಿದ ಕಡೆ ಬಿಟ್ಟಿಯಾಗಿಯೇ ಸಿಗುತ್ತವೆ. ಇವೆರಡೂ ಸುಣ್ಣದ ಕಲ್ಲು, ಪದರ ಪದರವಾಗಿ ಇರುತ್ತವೆ. ಅಡಿಯಲ್ಲಿ ಪೂರ್ತಿ ಆಸರೆ ಕೊಟ್ಟರೆ ಬಾಳುತ್ತವೆ, ಒಂದು ಮೂಲೆ ತೂಗಾಡಿದರೂ ಪದರ ಬಿಚ್ಚಿಕೊಳ್ಳುತ್ತವೆ. ಮೈ ಒರಟಾಗಿದ್ದರೆ ನಯ ಮಾಡಿಸಬೇಕು. ಲಿಂಬೆ ರಸ ಬಿದ್ದರೆ ಈ ಕಲ್ಲುಗಳ ಹೊಳಪು ತಿಂದುಹೋಗುತ್ತದೆ. ಮಾರ್ಬಲ್‌ಗೂ ಇದೇ ಮಾತು. ನೆಲದ ಟೈಲ್ಸ್ 8ರಿಂದ 10 ಮಿ.ಮೀ. ಮಾತ್ರ ದಪ್ಪ, ಒಡೆಯುತ್ತದೆ. ಕಬ್ಬಿಣದ ದಪ್ಪ ತಗಡು ಭಾರವೇನೋ ಹೌದು, ಆದರೆ ಹಸಿ ಚರ್ಮ ತಾಗಿದರೆ ಚರ್ಮಕ್ಕೆ ಕಪ್ಪು ಕಲೆ ಹತ್ತುತ್ತದೆ. ಅಟ್ಟದ ಮೇಲಿನ ಬೀಸುಕಲ್ಲು ನೆನಪಾಗುವುದು ಸಹಜ. ಆದರೆ ಅದರ ಬೀಸುವ ಮುಖದ ತುಂಬ ಚಾಣದ ಏಟಿನ ಗುಳಿಗಳಿರುತ್ತವೆ, ಈ ಕೆಲಸಕ್ಕೆ ಬರುವುದಿಲ್ಲ.

ಕಲ್ಲು ಜೋಡಿಸುವುದು

ಬೇಕಾಗುವ ಸಾಮಾನು: 30×40 ಸೆಂ.ಮೀ. ಗ್ರಾನೈಟ್ ಎರಡು, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟು 120ರಿಂದ 150 ಗ್ರಾಂ, 18 ಮಿ.ಮೀ. ಪ್ಲೈವುಡ್ 34×44 ಸೆಂ.ಮೀ., 2 ಸೆಂ.ಮೀ. ಅಗಲ 3 ಸೆಂ.ಮೀ. ಎತ್ತರದ ಮರದ ಪಟ್ಟಿ ಸುಮಾರು 160 ಸೆಂ.ಮೀ., ಹಳೆಯ ಲಾರಿ ಟ್ಯೂಬಿನ ರಬ್ಬರ್, ಮರಳು ಕಾಗದ, ಸ್ಕ್ರೂಗಳು.

ಗ್ರಾನೈಟಿನ ಒಂದು ಮುಖಕ್ಕೆ ಪಾಲಿಷ್ ಇರುತ್ತದೆ, ಇನ್ನೊಂದರ ಮೇಲೆ ಗರಗಸದ ಗೆರೆಗಳಿರುತ್ತವೆ. ಅಂಟಿಸಬೇಕಾದದ್ದು ಒರಟು ಮುಖಕ್ಕೆ ಒರಟು ಮುಖ, ಆಗಲೇ ಅಂಟು ಹಿಡಿಯುವುದು. ಎರಡನ್ನೂ ಬ್ರಷ್ ಹಚ್ಚಿ ನೀರಲ್ಲಿ ತೊಳೆದು ಒಂದು ದಿನ ಪೂರ್ತಿ ಒಣಗಲು ಬಿಡಿ. ಕಲ್ಲಿನ ರಂಧ್ರಗಳಲ್ಲಿ ನೀರು ಉಳಿದರೆ ಅಂಟು ಬಿಟ್ಟುಬಿಡುತ್ತದೆ. ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಬಣ್ಣ ಒಂದೇ ಆಗುವವರೆಗೆ ಕಲಸಿ. ಕೆಳಗಿನ ಕಲ್ಲಿನ ಮೇಲೆ ಸುಮಾರು 1 ಮಿ.ಮೀ. ದಪ್ಪಕ್ಕೆ ಹರಡಿ, ಹಲ್ಲಿರುವ ತಗಡಿನಿಂದ ಗೀರಿ. ಗೀರಿದ ಸಾಲುಗಳಿಂದ ಗಾಳಿ ಹೊರಗೆ ಹೋಗುತ್ತದೆ. ಮೇಲಿನ ಕಲ್ಲನ್ನು ಒಂದು ಅಂಚಿನಿಂದ ಇಳಿಸುತ್ತಾ ಬನ್ನಿ, ಆಮೇಲೆ ಹಿಂದೆ ಮುಂದೆ ಒಂದೆರಡು ಸಲ ಸರಿಸಿ ಕೂರಿಸಿ. ಅಂಚಿನಿಂದ ಉಕ್ಕಿದ ಅಂಟನ್ನು ಕೂಡಲೇ ಒರೆಸಿ. ಮೇಲೆ ನೀರು ತುಂಬಿದ ಬಕೆಟ್ ಇಟ್ಟು 24 ತಾಸು ಮುಟ್ಟಬೇಡಿ.

ನಡುವೆ ಗಾಳಿ ಉಳಿದರೆ ಏನಾಗುತ್ತದೆ? ಆ ಜಾಗದಲ್ಲಿ ಗುರುತು ಮಂಕಾಗುತ್ತದೆ. ಒಣಗಿದ ಮೇಲೆ ಬೆರಳ ಗೆಣ್ಣಿನಿಂದ ಇಡೀ ಕಲ್ಲನ್ನು ತಟ್ಟುತ್ತಾ ಬನ್ನಿ, ಟೊಳ್ಳು ಇರುವ ಕಡೆ ಸದ್ದು ಬೇರೆಯಾಗುತ್ತದೆ. ಟೊಳ್ಳು ಮೂಲೆಯಲ್ಲಿದ್ದರೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ ಆ ಮೂಲೆಯನ್ನು ಬಿಟ್ಟು ಕೆಲಸ ಮಾಡಿ. ನಟ್ಟನಡುವೆ ಇದ್ದರೆ ಮಗುಚಿ ಇನ್ನೊಂದು ಮುಖ ಬಳಸಲು ಹೋಗಬೇಡಿ, ಟೊಳ್ಳು ಅಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಬೇರೆ ಜೋಡಿ ಮಾಡುವುದೇ ಲೇಸು.

ಪ್ಲೈವುಡ್ ಮೇಲೆ ರಬ್ಬರ್ ಹಾಸಿ, ಅದರ ಮೇಲೆ ಕಲ್ಲು ಕೂರಿಸಿ. ಸುತ್ತ ಮರದ ಪಟ್ಟಿಯನ್ನು ಪ್ಲೈವುಡ್ಡಿಗೆ ಸ್ಕ್ರೂ ಹಾಕಿ ಬಿಗಿಯಿರಿ. ಪಟ್ಟಿಯ ಎತ್ತರ ಕಲ್ಲಿಗಿಂತ ಕನಿಷ್ಠ 5 ಮಿ.ಮೀ. ಕೆಳಗಿರಲಿ. ಪಟ್ಟಿ ಮೇಲೆದ್ದರೆ ದೊಡ್ಡ ಚರ್ಮ ಕಲ್ಲಿನ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ. ರಬ್ಬರ್ ಯಾವಾಗಲೂ ಕಲ್ಲಿನ ಕೆಳಗೆ. ಕಲ್ಲಿಗೂ ಚರ್ಮಕ್ಕೂ ನಡುವೆ ಬಟ್ಟೆ, ಪೇಪರ್, ರಬ್ಬರ್ ಏನೂ ಬೇಡ.

ಇದನ್ನೆಲ್ಲಿ ಇಡಬೇಕು? ನಮ್ಮ ಕಡೆ ನೆಲದ ಮೇಲೆ ಕೂತು ಕೆಲಸ ಮಾಡುವ ರೂಢಿ ಇರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ: ಕಲ್ಲನ್ನು ನೆಲದ ಮೇಲೇ ಇಟ್ಟು ಗಿಡ್ಡ ಮಣೆಯ ಮೇಲೆ ಕೂರಿ. ನೆಲಕ್ಕಿಂತ ಗಟ್ಟಿ ಮೇಜು ಇಲ್ಲ, ಚಪ್ಪಲಿ ಹೊಲಿಯುವವರು ತಲೆಮಾರುಗಳಿಂದ ಹೀಗೇ ಕೂತಿದ್ದಾರೆ. ಮೇಜೇ ಬೇಕೆಂದರೆ ಕಲ್ಲನ್ನು ನಡುವೆ ಇಡದೆ ಮೇಜಿನ ಕಾಲಿನ ನೇರಕ್ಕೆ ಇಡಿ. ಕೆಳಗಿನ ಮಹಡಿಯಲ್ಲಿ ಬೇರೆಯವರಿದ್ದರೆ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಲಗೆಯ ಅಡಿಗೆ ಹಾಕಿ, ಸದ್ದು ಬಹಳ ಇಳಿಯುತ್ತದೆ.

ತೂತು ಹೊಡೆಯುವ, ಪೂರ್ತಿ ಕತ್ತರಿಸುವ ಕೆಲಸ ಈ ಕಲ್ಲಿನ ಮೇಲೆ ಖಂಡಿತ ಬೇಡ. ಒಂದೇ ಏಟಿಗೆ ಪಂಚಿನ ಬಾಯಿ ಮಡಚಿಹೋಗುತ್ತದೆ. ಅದಕ್ಕೆ ಹುಣಸೆ ಮರದ ಅಡ್ಡ ಕೊಯ್ದ ಕೊರಡು ಅಥವಾ ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆ ಬೇರೆ ಇಟ್ಟುಕೊಳ್ಳಿ.

ಚರ್ಮ: ಎಲ್ಲದರ ಮೇಲೂ ಮೂಡುವುದಿಲ್ಲ

ಕೆತ್ತನೆಗೆ ಬರುವುದು ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮ ಮಾತ್ರ. ಅಂಗಡಿಯಲ್ಲಿ ವೆಜ್ ಟ್ಯಾನ್ ಎಂದು ಕೇಳಿ. ಜಾಲಿ ತೊಗಟೆ, ಅಳಲೆಕಾಯಿ ಬಳಸಿ ಹದ ಮಾಡುವ ಪದ್ಧತಿ ಈ ಭಾಗಕ್ಕೆ ಹೊಸದಲ್ಲ. ಕೊಲ್ಹಾಪುರಿ ಚಪ್ಪಲಿಯ ಚರ್ಮ ಇದೇ ಜಾತಿಯದು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ಕರ್ನಾಟಕದಿಂದ ಸೇರಿದ ನಾಲ್ಕು ಜಿಲ್ಲೆಗಳಲ್ಲಿ ಧಾರವಾಡವೂ ಒಂದು, ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ. ಚಪ್ಪಲಿ ಮಾಡುವವರ ಹತ್ತಿರ ಅಂಗೈಯಗಲದ ಕಡಿತದ ತುಂಡುಗಳು ಸಿಕ್ಕರೆ ಅಚ್ಚೊತ್ತುವ ಅಭ್ಯಾಸಕ್ಕೆ ಬಹಳ ಚೆನ್ನ. ಆದರೆ ಎಮ್ಮೆ ಚರ್ಮದ ನಾರು ಒರಟು, ಸೂಕ್ಷ್ಮ ಗೆರೆ ಅದರಲ್ಲಿ ಸ್ವಚ್ಛವಾಗಿ ನಿಲ್ಲುವುದಿಲ್ಲ. ಹೂವಿನ ಎಸಳು, ಅಕ್ಷರ ಕೆತ್ತಲು ದನದ ವೆಜ್ ಟ್ಯಾನ್ ಬೇಕು. ಕೋಲ್ಕತ್ತ, ಚೆನ್ನೈ, ಕಾನ್ಪುರಗಳಿಂದ ಚದರ ಅಡಿ ಲೆಕ್ಕದಲ್ಲಿ ತರಿಸಿಕೊಳ್ಳಬಹುದು. ದಪ್ಪ 3ರಿಂದ 3.5 ಮಿ.ಮೀ. ಇರಲಿ. 2 ಮಿ.ಮೀ.ಗಿಂತ ತೆಳು ಚರ್ಮದಲ್ಲಿ ಹೊಸಬರ ಚಾಕು ಆಚೆ ದಾಟಿಬಿಡುತ್ತದೆ.

ಮಾರುಕಟ್ಟೆಯ ಬ್ಯಾಗು, ಜಾಕೆಟ್ಟುಗಳ ಚರ್ಮ ಬಹುಪಾಲು ಕ್ರೋಮ್ ಹಾಕಿ ಹದ ಮಾಡಿದ್ದು. ಅದರ ಮೇಲೆ ಎಷ್ಟು ಹೊಡೆದರೂ ಗುರುತು ಸ್ವಲ್ಪ ಹೊತ್ತಿಗೆ ಉಬ್ಬಿ ಮಾಯವಾಗುತ್ತದೆ. ಗುರುತಿಸುವುದು ಸುಲಭ. ಕತ್ತರಿಸಿದ ಅಂಚು ನೋಡಿ: ನಡುವೆ ನೀಲಿ ಬೂದು ಛಾಯೆ ಕಂಡರೆ ಕ್ರೋಮ್, ಮೇಲಿನಿಂದ ಕೆಳಗಿನವರೆಗೆ ತಿಳಿ ಕಂದು ಇದ್ದರೆ ವೆಜ್ ಟ್ಯಾನ್. ಬಣ್ಣ ಹಾಕಿ ಮರೆಮಾಚಿದ್ದರೆ ಒಂದು ಹನಿ ನೀರು ಬಿಡಿ. ವೆಜ್ ಟ್ಯಾನ್ ನೀರು ಕುಡಿದು ಕಪ್ಪಾಗುತ್ತದೆ, ಆ ಜಾಗದಲ್ಲಿ ಉಗುರು ಒತ್ತಿದರೆ ಗೆರೆ ಹಾಗೇ ಉಳಿಯುತ್ತದೆ. ಡೊಳ್ಳು, ಜಗ್ಗಲಿಗೆಗೆ ಬಿಗಿಯುವ ಚರ್ಮ, ತೊಗಲುಗೊಂಬೆಯ ಪಾರದರ್ಶಕ ಚರ್ಮ ಇವು ಹದ ಮಾಡದ ಹಸಿ ತೊಗಲು ಒಣಗಿಸಿದವು. ಅವುಗಳ ಕುಸುರಿ ಬೇರೆ, ಈ ಕೆಲಸ ಬೇರೆ.

ಕೈಗೆ ಬೇಕಾದವು

ಹಣ ಹಾಕಬೇಕಾದದ್ದು ಒಂದಕ್ಕೆ: ಚರ್ಮದಲ್ಲಿ ಗೆರೆ ಎಳೆಯುವ, ಬೆರಳಲ್ಲಿ ಕಾಂಡ ತಿರುಗಿಸಬಹುದಾದ ಸ್ವಿವೆಲ್ ಚಾಕು. ಇದರ ಅಲಗು ದಪ್ಪ, ತುದಿ ಆಪಿನಂತೆ ಇಳಿಜಾರು. ಚರ್ಮವನ್ನು ಸೀಳುವ ಜೊತೆಗೆ ಇಬ್ಬದಿಗೂ ಅಗಲಿಸುತ್ತದೆ. ಪೇಪರ್ ಕಟರ್ ಬ್ಲೇಡ್ ಸೀಳುತ್ತದೆಯೇ ಹೊರತು ಅಗಲಿಸುವುದಿಲ್ಲ, ಒಣಗಿದಾಗ ಗೆರೆ ಮುಚ್ಚಿಕೊಳ್ಳುತ್ತದೆ. ಚಪ್ಪಲಿ ಹೊಲಿಯುವವರ ಚಾಕು ರಂಪಿಗೆ ಚರ್ಮ ಕತ್ತರಿಸಲು, ಅಂಚು ಸವರಲು ಅತ್ಯುತ್ತಮ, ಆದರೆ ಗೆರೆ ಎಳೆಯುವ ಆಯುಧ ಅಲ್ಲ.

ಅಚ್ಚುಗಳಲ್ಲಿ ಮೂರು ಸಾಕು: ಗೆರೆಯ ಪಕ್ಕ ಇಳಿಜಾರು ಮಾಡುವ ಬೆವೆಲರ್, ಹಿನ್ನೆಲೆ ತಗ್ಗಿಸುವ ಚುಕ್ಕಿ ಅಚ್ಚು, ಎಸಳಿಗೆ ನೆರಳು ಕೊಡುವ ನಯ ಮುಖದ ದುಂಡು ಅಚ್ಚು. ಇವನ್ನು 8 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟಿನಿಂದ ಅರ ಹಚ್ಚಿ ನೀವೇ ಮಾಡಿಕೊಳ್ಳಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಲೇಥ್ ವರ್ಕ್‌ಶಾಪುಗಳಲ್ಲಿ ಮುಖ ಸಮ ಮಾಡಿಸಿಕೊಂಡರೆ ಕೆಲಸ ಅರ್ಧ ಮುಗಿದಂತೆ. ಬೆವೆಲರ್‌ನ ಮುಖ 5 ಮಿ.ಮೀ. ಅಗಲ, ಒಂದು ಬದಿಗೆ ಇಳಿಜಾರು ಇರಲಿ. ಆಮೇಲೆ 400, 800, 1200 ನಂಬರಿನ ಮರಳು ಕಾಗದದಲ್ಲಿ ಕನ್ನಡಿಯಾಗುವವರೆಗೆ ಉಜ್ಜಿ. ಅರದ ಒಂದು ಗೀರು ಉಳಿದರೂ ಪ್ರತಿ ಏಟಿಗೂ ಅದು ಚರ್ಮದಲ್ಲಿ ಮೂಡುತ್ತದೆ, ಚೂಪು ಮೂಲೆ ಉಳಿದರೆ ಚರ್ಮದ ಮೈ ಹರಿಯುತ್ತದೆ.

ಹೊಡೆಯಲು 400ರಿಂದ 450 ಗ್ರಾಂ ತೂಕದ ಮರದ ಕೊಡತಿ ಅಥವಾ ನೈಲಾನ್ ಸುತ್ತಿಗೆ. ಕಬ್ಬಿಣದ ಸುತ್ತಿಗೆ ಅಚ್ಚಿನ ತಲೆಯನ್ನು ಕೊಡೆಯಂತೆ ಅಗಲಿಸುತ್ತದೆ, ಕಬ್ಬಿಣದ ಪುಡಿಯೂ ಉದುರುತ್ತದೆ.

ತೇವದ ಹದ

ಕಲ್ಲಿನ ನಂತರ ಅತಿ ಹೆಚ್ಚು ಗಮನ ಬೇಡುವುದು ಇದು. ತೀರಾ ಹಸಿಯಾದರೆ ಚರ್ಮ ಕೆಸರಿನ ಹಾಗೆ ಒತ್ತಿಕೊಂಡು ಆಮೇಲೆ ಉಬ್ಬುತ್ತದೆ, ಚಾಕು ಎಳೆದಲ್ಲಿ ಅಂಚು ಚಿಂದಿಯಾಗುತ್ತದೆ. ತೀರಾ ಒಣಗಿದ್ದರೆ ಗುರುತು ಆಳವಾಗುವುದಿಲ್ಲ, ಚಾಕು ಕಿರಿಗುಟ್ಟುತ್ತಾ ಎಳೆಯುತ್ತದೆ.

ಸ್ಪಂಜನ್ನು ನೀರಲ್ಲಿ ಅದ್ದಿ ಹಿಂಡಿ, ಮೊದಲು ಒರಟು ಬೆನ್ನಿಗೆ, ಆಮೇಲೆ ನಯ ಮುಖಕ್ಕೆ ಇಡೀ ತುಂಡಿಗೂ ಸಮನಾಗಿ ಒರೆಸಿ. ಅರ್ಧಕ್ಕೆ ಮಾತ್ರ ನೀರು ಹಚ್ಚಿದರೆ ನೀರಿನ ಗೆರೆ ಕಲೆಯಾಗಿ ಉಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಇಡಿ. ನೀರು ನಡುವಿನ ನಾರಿಗೂ ಇಳಿಯುತ್ತದೆ, ಬೆಳಿಗ್ಗೆ ಚರ್ಮ ಒಳಗೂ ಹೊರಗೂ ಒಂದೇ ಹದಕ್ಕೆ ಬಂದಿರುತ್ತದೆ. ಹೊರಗೆ ತೆಗೆದ ಮೇಲೆ ಮೈಯ ಕಪ್ಪು ಬಣ್ಣ ಮೆಲ್ಲಗೆ ತಿಳಿಯಾಗುತ್ತಾ ಬರುತ್ತದೆ. ಬಣ್ಣ ಬಹುಮಟ್ಟಿಗೆ ಮೊದಲಿನಂತಾಗಿ, ಆದರೆ ಕೆನ್ನೆಗೆ ಒತ್ತಿದರೆ ಇನ್ನೂ ತಂಪು ಹತ್ತಿದರೆ ಅದೇ ಸಮಯ. ಈ ಹದದಲ್ಲಿ ಹೊಡೆದ ಜಾಗ ಸುತ್ತಲಿಗಿಂತ ಗಾಢ ಕಂದಾಗುತ್ತದೆ. ಆ ಕಂದು ಬಾರದೇ ಹೋದರೆ ಹದ ತಪ್ಪಿದೆ ಎಂದೇ ತಿಳಿಯಿರಿ.

ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಗದಗ, ಹುಬ್ಬಳ್ಳಿಯ ಒಣ ಗಾಳಿಗೆ ಚರ್ಮ ಬೇಗ ಒಣಗುತ್ತದೆ. ಫ್ಯಾನ್ ಆರಿಸಿ, ಕೆಲಸ ಮಾಡದ ಭಾಗವನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಒಣಗಿದರೆ ಇಡೀ ಮುಖಕ್ಕೆ ಹಗುರವಾಗಿ ಸ್ಪಂಜ್ ಆಡಿಸಿ. ಧಾರವಾಡದ ಮಳೆಗಾಲದಲ್ಲಿ ಉಲ್ಟಾ ತೊಂದರೆ: ಚೀಲದಲ್ಲಿ ಎರಡು ದಿನ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಕೆಲಸ ಮುಂದೂಡಬೇಕಾದರೆ ಚೀಲ ಸಮೇತ ಫ್ರಿಜ್ಜಿನಲ್ಲಿಡಿ.

ನೀರಿಗೆ ಕಬ್ಬಿಣದ ಪಾತ್ರೆ ಬಳಸಬೇಡಿ. ಚರ್ಮದೊಳಗಿನ ಒಗರು ಕಬ್ಬಿಣ ತಾಗಿದರೆ ನೀಲಿಗಪ್ಪು ಕಲೆಯಾಗುತ್ತದೆ. ಬೋರ್‌ವೆಲ್ ನೀರು ಬಕೆಟ್ಟಿಗೆ ಕಂದು ಕಲೆ ಕಟ್ಟುತ್ತಿದ್ದರೆ ಅದರಲ್ಲೂ ಕಬ್ಬಿಣವಿದೆ, ಕುಡಿಯುವ ಫಿಲ್ಟರ್ ನೀರು ಬಳಸಿ. ಕಲೆ ಆಗಿಬಿಟ್ಟರೆ ಹಸಿಯಿದ್ದಾಗಲೇ ಲಿಂಬೆ ರಸ ಸವರಿ, ಕಲೆ ತಿಳಿಯಾದ ಕೂಡಲೇ ನೀರಿನ ಸ್ಪಂಜಿನಿಂದ ಒರೆಸಿ.

ಮೊದಲ ತುಂಡು

10×10 ಸೆಂ.ಮೀ. ಚೌಕ ಕತ್ತರಿಸಿ, ನಡುವಿನ 7 ಸೆಂ.ಮೀ. ಒಳಗೆ ಚಿತ್ರ ಇರಲಿ. ಹೂಬಳ್ಳಿಯ ಬಾಗುಗೆರೆ ಹೊಸ ಕೈಗೆ ಕಷ್ಟ. ಕಸೂತಿಯ ಗೋಪುರ ಅಥವಾ ಮೆಟ್ಟಿಲು ಮೆಟ್ಟಿಲಾದ ಮುರ್ಗಿ ಸಾಲು ಆರಿಸಿಕೊಳ್ಳಿ. ಅದರಲ್ಲಿ ಅಡ್ಡ, ಉದ್ದ, ಓರೆ ಗೆರೆಗಳು ಮಾತ್ರ ಇರುತ್ತವೆ, ಚಾಕುವಿನ ಹಿಡಿತ ಬೇಗ ಒಲಿಯುತ್ತದೆ. ಅದು ಕೈಗೆ ಬಂದ ಮೇಲೆ ಲಕ್ಕುಂಡಿಯ ಬಾಗಿಲವಾಡದ ಬಳ್ಳಿಗೆ ಹೋಗಬಹುದು.

ತೇವ ಮಾಡುವ ಮೊದಲು ಚರ್ಮದ ಬೆನ್ನಿಗೆ ಪ್ಯಾಕಿಂಗ್ ಟೇಪ್ ಅಂಟಿಸಿ. ಇಲ್ಲದಿದ್ದರೆ ಏಟಿಗೆ ಚರ್ಮ ಹಿಗ್ಗಿ ಚೌಕ ಓರೆಯಾಗುತ್ತದೆ. ಹೀಗೆ ಮಾಡಿದಾಗ ನೀರು ಮುಖದ ಕಡೆಯಿಂದ ಮಾತ್ರ, ಎರಡು ಮೂರು ಸಲ ಹಚ್ಚಬೇಕು.

ಬಟರ್ ಪೇಪರಿನಲ್ಲಿ ಚಿತ್ರ ಬರೆದು ಚರ್ಮದ ಮೇಲಿಟ್ಟು, ಇಂಕು ಖಾಲಿಯಾದ ಬಾಲ್‌ಪೆನ್ನಿನಿಂದ ಗೆರೆಗಳ ಮೇಲೆ ಒತ್ತಿ. ಕಾರ್ಬನ್ ಪೇಪರ್, ಪೆನ್ನಿನ ಶಾಯಿ ಎರಡೂ ಚರ್ಮದಿಂದ ಹೋಗುವುದಿಲ್ಲ.

ಚಾಕು ಎತ್ತುವ ಮುನ್ನ ಅಲಗು ಹರಿತಗೊಳಿಸುವ ಹಸಿರು ಪಾಲಿಷ್ ಬಳಿದ ಚರ್ಮದ ಪಟ್ಟಿಗೆ ಅಲಗಿನ ಎರಡೂ ಮುಖವನ್ನು ಹತ್ತು ಹತ್ತು ಸಲ ಹಿಂದಕ್ಕೆ ಎಳೆಯಿರಿ. ಅರ್ಧ ತಾಸಿಗೊಮ್ಮೆ ಮತ್ತೆ. ತೋರುಬೆರಳು ಚಾಕುವಿನ ತಲೆಯ ಕವೆಯಲ್ಲಿ ಕೂತು ಒತ್ತಡ ಕೊಡುತ್ತದೆ, ಹೆಬ್ಬೆರಳು ಮತ್ತು ಉಳಿದ ಬೆರಳು ಕಾಂಡವನ್ನು ತಿರುಗಿಸುತ್ತವೆ. ಚಾಕು ಎಡಕ್ಕೂ ಬಲಕ್ಕೂ ವಾಲದೆ ನೆಟ್ಟಗಿರಬೇಕು, ನಿಮ್ಮ ಕಡೆಗೆ ಎಳೆಯಬೇಕು. ಆಳ ಚರ್ಮದ ದಪ್ಪದ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ. ಒಂದು ಗೆರೆಯನ್ನು ಒಂದೇ ಸಲ ಎಳೆಯಿರಿ. ಎರಡನೇ ಸಲ ಎಳೆದರೆ ಪಕ್ಕದಲ್ಲಿ ಎಳೆಯೊಂದು ಏಳುತ್ತದೆ. ಗೆರೆ ಗೆರೆಯನ್ನು ದಾಟಬಾರದು, ದಾಟಿದ ಕಡೆ ಚಿಕ್ಕ ತ್ರಿಕೋನ ಕಿತ್ತು ಬರುತ್ತದೆ. ಕೂಡುವ ಜಾಗಕ್ಕೆ ಕೂದಲಷ್ಟು ಮೊದಲೇ ನಿಲ್ಲಿಸಿ.

ಈಗ ಬೆವೆಲರ್. ಅದರ ಕೆಳಗೆ ಚಾಚಿದ ಅಂಚು ಗೆರೆಯೊಳಗೆ ಕೂರಬೇಕು, ಇಳಿಜಾರು ಚಿತ್ರದ ಹೊರಗಡೆಗೆ ಇರಬೇಕು. ಯಾವ ಕಡೆ ತಗ್ಗುತ್ತದೋ ಅದು ಹಿಂದೆ ಸರಿದಂತೆ ಕಾಣುತ್ತದೆ, ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಅಚ್ಚನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿದು, ಉಂಗುರ ಬೆರಳು, ಕಿರುಬೆರಳನ್ನು ಚರ್ಮದ ಮೇಲೆ ಊರಿ. ಕೊಡತಿಯಿಂದ ಸಣ್ಣ ಸಣ್ಣ ಏಟು ಕೊಡುತ್ತಾ ಅಚ್ಚನ್ನು ಪ್ರತಿ ಸಲ ಅದರ ಅಗಲದ ಅರ್ಧಕ್ಕಿಂತ ಕಡಿಮೆ ಸರಿಸಿ. ಮೆಟ್ಟಿಲಿನಂಥ ಗುರುತು ಬಂದರೆ ಹೆಚ್ಚು ಸರಿಸುತ್ತಿದ್ದೀರಿ. ಒಂದು ಬದಿ ಮಾತ್ರ ಆಳವಾದರೆ ಅಚ್ಚು ವಾಲಿದೆ. ಮಣಿಕಟ್ಟಿನಿಂದ ಹೊಡೆಯಿರಿ, ಮೊಣಕೈಯಿಂದಲ್ಲ. ಕಲ್ಲು ಸರಿಯಿದ್ದರೆ ಜೋರು ಬೇಕಾಗುವುದೇ ಇಲ್ಲ.

ಕೊನೆಗೆ ಗೆರೆಗಳ ನಡುವಿನ ಹಿನ್ನೆಲೆಯನ್ನು ಚುಕ್ಕಿ ಅಚ್ಚಿನಿಂದ ತಗ್ಗಿಸಿ. ಪಾಲಿಷ್ ಕಲ್ಲಿನ ಮೇಲೆ ಚರ್ಮ ಜಾರುತ್ತಿದ್ದರೆ ಮರಳು ತುಂಬಿ ಹೊಲಿದ ಬಟ್ಟೆಯ ಚೀಲವೊಂದನ್ನು ಅಂಚಿಗೆ ಹೇರಿ.

ಒಣಗಿಸಿ ಮುಗಿಸುವುದು

ನೆರಳಲ್ಲಿ, ಚಪ್ಪಟೆ ಜಾಗದಲ್ಲಿ 24 ತಾಸು. ಬಿಸಿಲಿಗಿಟ್ಟರೆ ಮುಖ ಮೊದಲು ಒಣಗಿ ತುಂಡು ಸೊಟ್ಟಗಾಗುತ್ತದೆ. ಟೇಪ್ ಬಿಡಿಸಿ, ಬೇಕಾದರೆ ಸ್ಪಿರಿಟ್ ಬಣ್ಣವನ್ನು ತೆಳುವಾಗಿ ಎರಡು ಸಲ ಸವರಿ. ಎಣ್ಣೆ ಎರಡು ಮೂರು ಹನಿ ಮಾತ್ರ, ಬಟ್ಟೆಯಿಂದ. ಚರ್ಮಕ್ಕೆಂದೇ ಮಾರುವ ನೀಟ್ಸ್‌ಫುಟ್ ಎಣ್ಣೆ ಒಳ್ಳೆಯದು, ಅದಿಲ್ಲದಿದ್ದರೆ ಆಲಿವ್ ಎಣ್ಣೆ. ನಮ್ಮ ಅಡುಗೆಮನೆಯ ಕುಸುಬಿ ಎಣ್ಣೆ ಗಾಳಿಗೆ ಜಿಗುಟಾಗುತ್ತದೆ, ಅಗಸಿ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ, ಎರಡೂ ಬೇಡ.

ಅಂಚನ್ನು 220, 400, 600 ನಂಬರಿನ ಮರಳು ಕಾಗದದಲ್ಲಿ ಕ್ರಮವಾಗಿ ಉಜ್ಜಿ, ಬೆರಳಿನಿಂದ ಸ್ವಲ್ಪವೇ ನೀರು ಸವರಿ, ದಪ್ಪ ಖಾದಿ ಬಟ್ಟೆಯಿಂದ ಬಿಸಿ ಏರುವವರೆಗೆ ತಿಕ್ಕಿ. ಬೆಂಗೇರಿ, ಗರಗದ ಖಾದಿ ಇರುವ ಸೀಮೆಯಲ್ಲಿ ಇದಕ್ಕೆ ಬಟ್ಟೆಯ ಕೊರತೆಯಿಲ್ಲ. ನಾರು ಕೂಡಿಕೊಂಡು ಅಂಚು ಗಾಜಿನಂತೆ ಹೊಳೆಯತೊಡಗಿದಾಗ ಜೇನುಮೇಣ ಉಜ್ಜಿ ಮತ್ತೊಮ್ಮೆ ತಿಕ್ಕಿ.

ಉಳಿದ ಚರ್ಮವನ್ನು ಮಡಚದೆ ಸುರುಳಿ ಸುತ್ತಿ, ನಯ ಮುಖ ಹೊರಗೆ ಬರುವಂತೆ, ಹತ್ತಿ ಬಟ್ಟೆಯಲ್ಲಿಡಿ. ಬೆಳಕು ಬಿದ್ದ ಭಾಗ ಕಂದಾಗುತ್ತದೆ, ಆದ್ದರಿಂದ ಕಪಾಟಿನೊಳಗೆ ಇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಬಿಚ್ಚಿ ಗಾಳಿಗೆ ಹರಡಿ. ಬಿಳಿ ಬೂಸ್ಟು ಕಂಡರೆ ಮನೆಯ ಹೊರಗೆ ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಸುತ್ತಿ.